ಪರದೆ ಬಿಟ್ಟು ಹೋದ ಇಪ್ಪತ್ತಾರು ಮಕ್ಕಳ ಪರವಾಗಿ

ಮಾನ್ಯ ಪರೀಕ್ಷಾ ಯಂತ್ರ ಮಹಾಶಯರೇ,

ಕಲಿತ ಪಾಠವನ್ನು ಕಲಿತ ಹಾಗೆಯೇ ಮಾಡಿ ತೋರಿಸಿದ ತಪ್ಪಿಗೆ ನಮ್ಮ ಶಾಲೆಯ ಏಳನೇ ತರಗತಿಯ ಇಪ್ಪತ್ತಾರು ಮಕ್ಕಳಿಗೆ ತಾವು ಸೊನ್ನೆ ಕೊಟ್ಟಿದ್ದೀರಿ. ಇಷ್ಟು ಹೇಳಿದ ಮೇಲೆ, ಪೆಲಿಕನ್ ಫೋರ್ಡ್ ಊರಿನ ಸಮಸ್ತರ ಪರವಾಗಿ ತಮಗೂ, ತಮ್ಮ ರೆಪ್ಪೆ ಮಿಟುಕದ ಕ್ಯಾಮೆರಾ ಕಣ್ಣಿಗೂ, ತಮ್ಮನ್ನು ಕೊಂಡು ತಂದ ಶಾಲಾ ಮಂಡಳಿಗೂ ಗೌರವಪೂರ್ವಕ ವಂದನೆಗಳು. ಮೈನಸ್ ಮೂವತ್ತರ ಈ ಚಳಿಯಲ್ಲೂ ತಾವು ಬೆಚ್ಚಗಿದ್ದೀರೆಂದು ನಂಬಿದ್ದೇನೆ.

ನಮ್ಮ ಗ್ರಂಥಪಾಲಕಿ ಲೋರ್ನಾ ಪೆಟ್ರಿಶಿನ್ ಸೆಪ್ಟೆಂಬರಿನಿಂದ ಮಕ್ಕಳಿಗೆ ಕಲಿಸಿದ್ದು ಒಂದೇ ಮಾತು: ಜಾಲಪುಟವೊಂದನ್ನು ನಂಬಬಹುದೇ ಎಂದು ತಿಳಿಯಲು ಅದನ್ನೇ ದಿಟ್ಟಿಸುತ್ತಾ ಕೂರಬೇಡಿ, ಅದನ್ನು ಬಿಟ್ಟು ಆಚೆ ಹೋಗಿ, ಅದರ ಬಗ್ಗೆ ಬೇರೆಯವರು ಏನನ್ನುತ್ತಾರೆ ನೋಡಿ ಬನ್ನಿ. ಈ ವಿದ್ಯೆ ಮಕ್ಕಳಿಗೆ ಹತ್ತಿದೆಯೇ ಎಂದು ಅಳೆಯಲು ಜನವರಿಯಲ್ಲಿ ದಯಮಾಡಿಸಿದ ತಾವು, ಸಿಹಿ ಪಾನೀಯ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವ ಸಂಶೋಧನಾ ಸಂಸ್ಥೆಯೊಂದರ ಪುಟ ತೋರಿಸಿ, ಇದು ನಂಬಲರ್ಹವೇ ಎಂದು ಕೇಳಿದಿರಿ. ಹನ್ನೆರಡು ವರ್ಷದ ಒಡೆಟ್ ಶಾರ್ಟ್ರಾಂಡ್, "ಇದು ತನ್ನನ್ನ ತಾನೇ ಹೊಗಳ್ಕೊಳ್ತಿದೆ ಮಿಸ್, ಅಕ್ಕಪಕ್ಕದವರನ್ನ ಕೇಳ್ಬೇಡ್ವಾ?" ಎಂದು ಪಕ್ಕದಲ್ಲಿ ಇನ್ನೊಂದು ಪುಟ ತೆರೆದಳು. ಇನ್ನೂ ಇಪ್ಪತ್ತೈದು ಮಂದಿ ತೆರೆದರು. ಆ ಸಂಸ್ಥೆಯನ್ನು ನಡೆಸುವುದು ಪಾನೀಯದ ಕಂಪನಿಯೇ ಎಂದು ಎರಡು ನಿಮಿಷದಲ್ಲಿ ಪತ್ತೆ ಹಚ್ಚಿ ಅವರು ಹಿಂತಿರುಗುವಷ್ಟರಲ್ಲಿ, ಪರದೆ ಬಿಟ್ಟು ಹೋದದ್ದು ವಂಚನೆಯೆಂದು ತಾವು ಕೆಂಪಕ್ಷರದಲ್ಲಿ ತೀರ್ಪು ಬರೆದಾಗಿತ್ತು.

ತೇರ್ಗಡೆಯಾದವನು ತರಗತಿಯ ಇಪ್ಪತ್ತೇಳನೆಯವನಾದ ಬ್ರೆಂಟ್ ಫ್ರೀಸನ್ ಒಬ್ಬನೇ. ಪುಟದಲ್ಲಿ ಲಾಂಛನವಿದೆ, ವಿಳಾಸವಿದೆ, ಆದ್ದರಿಂದ ನಂಬಲರ್ಹ ಎಂಬುದೇ ತಮ್ಮ ಸರಿಯುತ್ತರವಂತೆ. "ಲೋಗೋ ಚೆನ್ನಾಗಿತ್ತು, ಹೌದು ಅಂತ ಒತ್ದೆ, ಆಮೇಲೆ ಸಂಜೆ ಮ್ಯಾಚ್ ಬಗ್ಗೆ ಯೋಚಿಸ್ತಾ ಪರದೆ ನೋಡ್ತಾ ಕೂತೆ ಮಾರಾಯ್ತಿ, ನನ್ನನ್ಯಾಕೆ ಬೈತೀಯ" ಎಂದು ಅವನೇ ನನ್ನ ಬಳಿ ಗೋಳಾಡಿದ. ಇಂಥ ಅಚಲ ಭಕ್ತಿಯನ್ನು ಗುರುತಿಸಿ ತೊಂಬತ್ತನಾಲ್ಕು ಅಂಕ ಕೊಟ್ಟ ತಮ್ಮ ಜಾಣ್ಮೆಗೆ ಶರಣು.

ತಮ್ಮ ಈ ತತ್ವ ಒಂದು ತರಗತಿಯಲ್ಲೇ ಮುಗಿದುಹೋಗುವುದು ಅನ್ಯಾಯ. ದಯವಿಟ್ಟು ನ್ಯಾಯಾಧೀಶರು ಮೊದಲ ಸಾಕ್ಷಿಯ ಮುಖದಿಂದ ಕಣ್ಣು ತೆಗೆಯದಂತೆ ಆಜ್ಞೆ ಮಾಡಿ. ಇನ್ನೊಬ್ಬ ವೈದ್ಯರನ್ನು ಕೇಳಲು ಹೋದ ರೋಗಿಯನ್ನು ವಂಚಕರ ಪಟ್ಟಿಗೆ ಸೇರಿಸಿ. ರಸ್ತೆ ದಾಟುವಾಗ ಎಡಕ್ಕೆ ನೋಡಿದವರು ಬಲಕ್ಕೂ ನೋಡಿದರೆ ಅವರಿಗೆ ಅಲ್ಲೇ ಸೊನ್ನೆ ಕೊಟ್ಟುಬಿಡಿ.

ಆದರೆ ತಮ್ಮ ಸೊನ್ನೆಗಳು ಈಗ ಮಂಡಳಿಯ ಮೇಜು ತಲುಪಿವೆ. ಗ್ರಂಥಾಲಯದ ಪಾಠದಿಂದ ಮಕ್ಕಳಿಗೆ ವಂಚನೆ ಮಾತ್ರ ಬಂದಿದೆ ಎಂಬ ವರದಿಯ ಬಲದಿಂದ ಜೂನ್‌ಗೆ ಪೆಟ್ರಿಶಿನ್ ಅವರ ಹುದ್ದೆ ರದ್ದು ಮಾಡಿ, ಗ್ರಂಥಾಲಯವನ್ನು ತಮ್ಮ ಪರೀಕ್ಷಾ ಕೋಣೆ ಮಾಡುವುದೆಂದು ಠರಾವು ಬರಲಿದೆ. ಮುಖ್ಯೋಪಾಧ್ಯಾಯ ವೀಬ್ ಅವರನ್ನು ಕೇಳಿದರೆ, "ಅಂಕಿ ಹೇಳ್ತಿದೆಯಲ್ಲ ಮರೆನ್, ನಾನೇನು ಮಾಡ್ಲಿ ಮಗೂ" ಎಂದರು. ಅಂಕಿ ಎಲ್ಲಿಂದ ಬಂತೆಂದು ನೋಡಲು ಅವರೂ ಪರದೆ ಬಿಟ್ಟು ಹೋಗಲಿಲ್ಲ. ಪೆಟ್ರಿಶಿನ್ ಮಾತ್ರ ಈ ವಾರವೂ ಅದೇ ಪಾಠ ಮಾಡುತ್ತಿದ್ದಾರೆ.

ಎಲ್ಲಿ ಹೋದರೂ ಹೇಳಿಯೇ ಹೋಗುವ
ತಮ್ಮ ವಿಶ್ವಾಸಿ,
ಮರೆನ್ ಥೋರ್ಲಾಕ್ಸನ್, ಹನ್ನೊಂದನೇ ತರಗತಿ

ಮರೆತ ಮಾತು: ತಮ್ಮ ಕಂಪನಿಯ ಪುಟದಲ್ಲಿ ತಮ್ಮನ್ನು ಕೊಂಡಾಡುವ ಅಧ್ಯಯನವೊಂದಿದೆ. ಒಡೆಟ್ ಹೇಳಿಕೊಟ್ಟಂತೆ ನಾನು ಆ ಪುಟ ಬಿಟ್ಟು ಆಚೆ ಹೋದೆ. ಅದನ್ನು ಬರೆದವರಿಗೆ ಸಂಬಳ ಕೊಡುವವರು ಯಾರೆಂದು ನೋಡಲು ನನಗೆ ಮೂರು ನಿಮಿಷ ಬೇಕಾಯಿತು, ಆ ಮಗುವಿಗಿಂತ ನಿಧಾನ. ಸಿಕ್ಕಿದ್ದನ್ನು ಈ ಪತ್ರದ ಬೆನ್ನಿಗೆ ಅಚ್ಚುಹಾಕಿಸಿ, ಇನ್ನೂರು ಪ್ರತಿ ಕರ್ಲಿಂಗ್ ಆಟದ ಮಂಜಿನ ಅಂಗಳದ ಬಾಗಿಲಲ್ಲಿ ಹಂಚಿದ್ದೇನೆ. ಠರಾವು ಬರುವ ಮಂಡಳಿಯ ಸಭೆಗೆ ಇಪ್ಪತ್ತಾರು ವಂಚಕರೂ ತಂದೆತಾಯಿಯರೊಂದಿಗೆ ಬರುತ್ತಾರೆ, ತಾವೂ ಬನ್ನಿ. ಶಾಲೆಯ ವ್ಯಾಯಾಮ ಮಂದಿರ, ಫೆಬ್ರವರಿ ಹದಿನೆಂಟು, ಮಂಗಳವಾರ, ಸಂಜೆ ಆರೂವರೆ.