ಟಿವಿಯ ಬೆನ್ನು ನೋಡಿದವರು

ಟಿವಿ ಇದ್ದಲ್ಲಿ ಜಗಳ ಇದ್ದದ್ದೇ. ಈಗ ರಿಮೋಟಿಗೆ ಕಿತ್ತಾಡುತ್ತಾರೆ, ಆಗ ಕೂರುವ ಜಾಗಕ್ಕೆ ಕಿತ್ತಾಡುತ್ತಿದ್ದರು. ಸಿಟ್ಟು ಮಾತ್ರ ಅದೇ. ನನ್ನದಂತೂ ಎಪ್ಪತ್ತರ ದಶಕದ್ದು, ಇನ್ನೂ ಆರಿಲ್ಲ. ಎಲ್ಲರೂ ಬಿಜಾಪುರ ಎನ್ನುತ್ತಿದ್ದ ವಿಜಯಪುರದಿಂದ ಬಂದು, ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಹಳ್ಳಿಯ ಸಾಲೆಯಲ್ಲಿ ನಾನು ಕಲಿಸುತ್ತಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ಜಗಳಕ್ಕೆ ಬರುವವರು ಅಲ್ಲಿದ್ದಾರೆ.

ಕೀಲಿಕೈ

ಒಂದು ದಿನ ಸರ್ಕಾರದ ಜೀಪು ಬಂದು ಸಾಲೆಯ ಮಾಳಿಗೆಯ ಮೇಲೆ ದೊಡ್ಡ ತಂತಿಬಲೆಯ ಛತ್ರಿ ಕಟ್ಟಿ, ಕೆಳಗೆ ಬೀಗವಿರುವ ಮರದ ಪೆಟ್ಟಿಗೆಯಲ್ಲಿ ಒಂದು ಟಿವಿ ಇಟ್ಟು ಹೋಯಿತು. ಸಂಜೆ ಊರವರಿಗೆಲ್ಲ ತೋರಿಸಬೇಕು, ಅದಕ್ಕೊಬ್ಬರು ಜವಾಬ್ದಾರರು ಬೇಕು. ಪೆಟ್ಟಿಗೆಯ ಕೀಲಿಕೈ ಮೊದಲು ಹೆಡ್‌ಮಾಸ್ತರರ ಕೈಗೇ ಬಂತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸೀದಾ ನನ್ನ ವರ್ಗಕ್ಕೆ ಬಂದರು.

"ಅಕ್ಕೋರ, ಇದನ್ನ ನೀವ ಇಟ್ಕೋರಿ. ದಿನಾ ಸಂಜಿಕೆ ನೀವ ಹಚ್ಚ್ರಿ, ನೀವ ಬಂದ್ ಮಾಡ್ರಿ."

ಊರಲ್ಲಿ ಇಷ್ಟು ಜನ ಗಂಡಸರಿರುವಾಗ ಹೆಣ್ಣುಮಗಳ ಮೇಲೆ ಇಷ್ಟು ಭರವಸೆಯೇ ಎಂದು ನನಗೆ ಹೆಮ್ಮೆಯಾಯಿತು. ಆದರೂ ಕೇಳಿದೆ, "ಯಾಕ್ರಿ ಸರ್, ನೀವಿರಂಗಿಲ್ಲೇನು?"

"ಹಂಗಲ್ರಿ. ಕರೆಂಟಿನ ಸಾಮಾನು. ಎಲ್ಲ್ಯರ ಶಾಕ್ ಬಡದ್ರ? ನನಗ ಹೆಂಡ್ತಿ ಮಕ್ಕಳದಾರ. ನಿಮಗಿನ್ನೂ ಲಗ್ನ ಆಗಿಲ್ಲಲ್ಲ!"

ಮುಂದಿನ ಕಾರ್ಯಕ್ರಮ

ಮುಂದಿನ ವಾರ ಯಾವ ದಿನ ಯಾವ ನಾಟಕ, ಯಾವ ಸಾಕ್ಷ್ಯಚಿತ್ರ ಎಂಬ ಪಟ್ಟಿ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ನಾನು ಸಾಲೆಯ ಹೊರಗಿನ ಕರಿಹಲಗೆಯ ಮೇಲೆ ಬರೆದು ಹಾಕಬೇಕು. ಪಟ್ಟಿ ಬಿಜಾಪುರಕ್ಕೆ ಬಂದು, ಅಲ್ಲಿ ಯಾರದೋ ಮೇಜಿನ ಮೇಲೆ ಮಲಗಿ ಎದ್ದು, ತಿಕೋಟಾದ ಬಸ್ಸು ಹಿಡಿದು ನಮ್ಮೂರು ಸೇರುವ ಹೊತ್ತಿಗೆ ಆ ವಾರ ಅರ್ಧ ಮುಗಿದಿರುತ್ತಿತ್ತು. ಒಂದಲ್ಲ, ಎರಡಲ್ಲ, ಪ್ರತಿ ವಾರ! ನಾನು ಸಿಟ್ಟಿನಿಂದ ಕಾಗದ ಬರೆದೆ. ಅದಕ್ಕೆ ಉತ್ತರವೂ ಇಲ್ಲ.

ಊರವರ ಬೈಗುಳವೆಲ್ಲ ನನಗೆ. ಒಂದು ಸಂಜೆ ನಾಟಕ ಬರಬಹುದೆಂದು ಜನ ಚಾಪೆ ಹಾಸಿಕೊಂಡು ಕೂತರೆ, ಬಂದದ್ದು ಭತ್ತದ ನಾಟಿಯ ಸಾಕ್ಷ್ಯಚಿತ್ರ. ನಮ್ಮದು ಜೋಳದ ಸೀಮೆ. ಮೊಣಕಾಲು ಮಟ ಕೆಸರಿನಲ್ಲಿ ನಿಂತವನನ್ನು ನೋಡಿ ಮುಂದೆ ಕೂತಿದ್ದ ಒಬ್ಬ ಹಿರಿಯ ರೈತ ಲೊಚಗುಟ್ಟಿದ. "ಪಾಪ, ಹೊಲಾ ಎಲ್ಲಾ ನೀರ ಹೊಕ್ಕೈತಿ. ಅಕ್ಕೋರ, ಒಡ್ಡ ಒಡದು ನೀರ ಹೊರಗ ಬಿಡು ಅಂತ ಅವಂಗ ಯಾರರ ಹೇಳ್ರಿ."

ಎರಡು ದಿನದ ಮೇಲೆ ಪಟ್ಟಿ ಬಂದಾಗ ನೋಡಿದರೆ ನಾಟಕ ಹಿಂದಿನ ದಿನವೇ ಆಗಿಹೋಗಿತ್ತು. ಆ ದಿನ ಕರೆಂಟ್ ಇರಲಿಲ್ಲ. ನನಗೆ ಎಷ್ಟು ರೇಗಿತೆಂದರೆ, ಹಲಗೆಯ ಮೇಲೆ "ಮುಂದಿನ ಕಾರ್ಯಕ್ರಮ" ಎಂದು ಬರೆದು, ಕೆಳಗೆ "ನಿನ್ನೆ ನಾಟಕ ಇತ್ತು" ಎಂದು ದಪ್ಪ ಅಕ್ಷರದಲ್ಲಿ ಗೀಚಿದೆ. ಪಂಚಾಯ್ತಿಯ ಚೇರ್ಮನ್ನರು ಅದರ ಮುಂದೆ ಬಹಳ ಹೊತ್ತು ನಿಂತು ಓದಿದರು. ಆಮೇಲೆ ಒಳಗೆ ಬಂದು ಮೆಲ್ಲಗೆ ಹೇಳಿದರು.

"ಅಕ್ಕೋರ, ಕೀಲಿಕೈ ನಿಮ್ಮ ಕಡೇನ ಐತಲ್ಲ. ನಿನ್ನಿದು ಇನ್ನೂ ಪೆಟಗಿಯೊಳಗ ಇರ್ತೈತಿ, ಹಚ್ಚಿಬಿಡ್ರಲ್ಲ."

ಮಾರಿಗೆ ಮಾರಿ

ಈ ಚೇರ್ಮನ್ನರ ಬುದ್ಧಿ ಟಿವಿ ಬಂದ ಎರಡನೆಯ ದಿನವೇ ಗೊತ್ತಾಗಿತ್ತು. ಮೊದಲ ದಿನ ಗಂಡಸರು, ಹೆಂಗಸರು ಎಲ್ಲರೂ ಅಂಗಳದಲ್ಲೇ ಕೂತಿದ್ದರು. ಮರುದಿನ ಚೇರ್ಮನ್ನರು ತಲೆಗೆ ಪಟಕಾ ಸುತ್ತಿಕೊಂಡು ಬಂದು ಅಪ್ಪಣೆ ಕೊಡಿಸಿದರು: ಹೆಂಗಸರು ಟಿವಿಯ ಮುಂದೆ ಕೂರಬಾರದು, ಅದರ ಹಿಂದಿನ ಕೋಣೆಯಲ್ಲಿ ಕೂರಬೇಕು.

"ಆ ಸುದ್ದಿ ಓದಾಂವ ಮಾರಿಗೆ ಮಾರಿ ಕೊಟ್ಟ ನೆಟ್ಟಗ ನೋಡ್ತಾನ್ರಿ. ಪರಪುರುಷ. ಅವನ ಮುಂದ ನಮ್ಮ ಮನಿ ಹೆಣ್ಮಕ್ಳು ಹೆಂಗ ಕುಂದರಬೇಕು?"

ಟಿವಿ ಸಾಲೆಯ ಕಟ್ಟೆಯಲ್ಲಿ ಮೇಜಿನ ಮೇಲೆ ಅಂಗಳಕ್ಕೆ ಮುಖ ಮಾಡಿತ್ತು. ಹೆಂಗಸರು ಹಿಂದಿನ ಕೋಣೆಯಲ್ಲಿ ಕೂತು, ತೆರೆದ ಬಾಗಿಲಿನಿಂದ ಅದರ ಬೆನ್ನನ್ನು ನೋಡಿದರು. ಒಂದು ದಿನ ಅಲ್ಲ, ತಿಂಗಳುಗಟ್ಟಲೆ! ಗಾದಿ ಹೊಲಿಯುವ ಪಿಂಜಾರ ಅಜ್ಜಿಯೊಬ್ಬಳು ದಿನವೂ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಗಂಡಸರು ನಕ್ಕಾಗ ಈ ಕಡೆಯವರೂ ನಗುತ್ತಿದ್ದರು, ಯಾಕೆಂದು ಗೊತ್ತಿಲ್ಲದೆ. ನೋಡಿ ನೋಡಿ ನನ್ನ ಮೈ ಉರಿಯುತ್ತಿತ್ತು. ಕಡೆಗೆ ತಡೆಯದೆ ಚೇರ್ಮನ್ನರನ್ನು ಕೇಳಿಯೇಬಿಟ್ಟೆ.

"ಟಿವಿಯೊಳಗ ಹೆಣ್ಮಕ್ಕಳೂ ಬರ್ತಾರಲ್ರಿ. ಅವರೂ ನಿಮ್ಮನ್ನ ನೆಟ್ಟಗ ನೋಡ್ತಾರ. ಅದಕ್ಕೇನ್ ಮಾಡೂದು?"

ಚೇರ್ಮನ್ನರು ಪಟಕಾ ಸರಿ ಮಾಡಿಕೊಂಡರು.

"ನೋಡ್ಲಿ ಬಿಡ್ರಿ ಪಾಪ."

ಧೋತರ

ಒಮ್ಮೆ ಟಿವಿಯವರೇ ಊರಿಗೆ ಬಂದರು. ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಬೇಕಂತೆ. ಸುದ್ದಿ ಕೇಳಿ ಗಂಡಸರೆಲ್ಲ ಕ್ಷೌರ ಮಾಡಿಸಿಕೊಂಡು ಸಾಲೆಯ ಮುಂದೆ ಸಾಲಾಗಿ ನಿಂತರು. "ಹೆಣ್ಣುಮಕ್ಕಳದು" ಎಂದು ಕ್ಯಾಮೆರಾದವರು ಮೂರು ಸಲ ಹೇಳಿದರೂ ಒಬ್ಬನೂ ಅಲುಗಲಿಲ್ಲ. ಚೇರ್ಮನ್ನರಂತೂ ಮೂರು ಕಡೆ ಮೂರು ಧೋತರ ಉಟ್ಟು ನಿಂತರು.

ಅವರು ಧೋತರ ಬದಲಿಸಲು ಓಡಾಡುತ್ತಿದ್ದಾಗಲೇ ನಿಜವಾದ ಕೆಲಸ ನಡೆದದ್ದು. ರೊಟ್ಟಿ ಬಡಿಯುವವರು, ಹೊಲದಲ್ಲಿ ಕಸ ತೆಗೆಯುವವರು, ಅಜ್ಜಿಯ ಸೂಜಿ ದಾರ, ಎಲ್ಲವನ್ನೂ ತೆಗೆದರು. ಚೇರ್ಮನ್ನರ ಹೆಂಡತಿಯನ್ನೂ ಅವರ ಹಿತ್ತಲಲ್ಲಿ ಕೂರಿಸಿ ಮಾತಾಡಿಸಿದರು. ಅವಳು ಏನು ಹೇಳಿದಳೋ, ಹಿತ್ತಲಿನಿಂದ ಕ್ಯಾಮೆರಾದವರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಬಂದರು.

ಅಜ್ಜಿ ಅವತ್ತೇ ನನ್ನ ಸೆರಗು ಹಿಡಿದಳು. "ಅಕ್ಕೋರ, ನನ್ನ ಹತ್ತರ ಒಂದ ಫೋಟೋ ಸೈತ ಇಲ್ಲ. ನನ್ನ ಮಾರಿ ಹೆಂಗೈತಿ ಅಂತ ಒಮ್ಮಿ ನೋಡಬೇಕು. ನೋಡ್ತೇನಿಲ್ಲೋ ನಾ?"

ನೋಡುತ್ತೀ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನನಗೇ ದಿಗಿಲಾಯಿತು.

ಹೊರಡುವಾಗ ಚೇರ್ಮನ್ನರು ಕ್ಯಾಮೆರಾದವನ ಕೈ ಹಿಡಿದು ಕೇಳಿದರು, "ಮೂರೂ ಧೋತರ ಬರ್ತಾವಲ್ರಿ?" "ಬರ್ತಾವ್ರಿ" ಎಂದು ಕೈಮುಗಿದ ಅವನು, ಜೀಪು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದ: "ಮೇಡಂ, ಅವರು ನಿಂತಾಗ ನಾನು ಕ್ಯಾಮೆರಾ ಚಾಲೂನೇ ಮಾಡಿಲ್ಲ."

ಛಂದ ಮಾಡ್ತೀರಿ

ಆ ಸಾಕ್ಷ್ಯಚಿತ್ರದ ವಾರ ಪಟ್ಟಿ ಒಂದೇ ಒಂದು ಸಲ ಸರಿಯಾದ ಹೊತ್ತಿಗೆ ಬಂತು. ನಾನು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಚೇರ್ಮನ್ನರ ಮನೆಗೇ ಹೋದೆ.

"ಇವತ್ತೊಂದಿನ ಹೆಣ್ಮಕ್ಕಳು ಮುಂದ ಕುಂದರ್ಲಿ ಬಿಡ್ರಿ. ಅವರದಽ ಚಿತ್ರ ಐತಿ."

"ಅದಕ್ಕಽ ಬ್ಯಾಡ ಅನ್ನೂದು. ಟಿವಿಯೊಳಗೂ ಅವರಽ, ಹೊರಗೂ ಅವರಽ ಯಾಕ? ನಾವು ಎಲ್ಲಿರೂದು?"

ಸಂಜೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಹೆಂಗಸರು ಹೊಸ ಸೀರೆ ಉಟ್ಟು ಬಂದು, ತಲೆ ತುಂಬ ಸೆರಗು ಹೊದ್ದು, ಮತ್ತದೇ ಬೆನ್ನಿನ ಕಡೆ ಕೂತರು. ಚಿತ್ರ ಶುರುವಾಯಿತು. ಹೊರಗಿನಿಂದ ಒಬ್ಬ ಕೂಗಿದ, "ಲೇ, ನಿಮ್ಮವ್ವ ಬಂದಾಳ ನೋಡಲೇ!" ಒಳಗೆ ಆ ಅವ್ವ ಕತ್ತು ಉದ್ದ ಮಾಡಿ ಮರದ ಹಲಗೆ ನೋಡುತ್ತಿದ್ದಳು. ಅಜ್ಜಿ ನನ್ನ ಕಡೆ ತಿರುಗಿದಳು. ಮತ್ತೆ ನನ್ನ ಸೆರಗು ಹಿಡಿದಳು.

ನನ್ನ ತಲೆ ಕೆಟ್ಟಿತು. ಎದ್ದು ಹೋಗಿ ಮೇಜಿನ ಒಂದು ಬದಿ ಹಿಡಿದೆ. "ಹಿಡೀರಿ" ಎಂದೆ. ಇನ್ನೊಂದು ಬದಿ ಹಿಡಿದವಳು ಯಾರೆಂದುಕೊಂಡಿರಿ, ಚೇರ್ಮನ್ನರ ಹೆಂಡತಿ! ಇಬ್ಬರೂ ಸೇರಿ ಟಿವಿಯನ್ನು ಪೂರ್ತಿ ಒಳಗಡೆಗೆ ತಿರುಗಿಸಿದೆವು. ಅಂಗಳದಿಂದ ಹೋ ಎಂದು ಬೊಬ್ಬೆ ಎದ್ದಿತು. ಚೇರ್ಮನ್ನರು ಕಟ್ಟೆ ಹತ್ತಿ ಬಂದರು.

"ಮುಟ್ಟಿದ್ರ ಬಂದ್ ಮಾಡ್ತೇನಿ! ಆಮ್ಯಾಲೆ ಯಾರೂ ನೋಡೂದು ಬ್ಯಾಡ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೂ ಗೊತ್ತಿರಲಿಲ್ಲ. ಅವರು ಅಲ್ಲೇ ನಿಂತರು.

ಅಷ್ಟರಲ್ಲಿ ಟಿವಿಯಲ್ಲಿ ಅಜ್ಜಿಯ ಮುಖ ಬಂತು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಜ್ಜಿ ಬಾಯಿ ತೆರೆದುಕೊಂಡು ನೋಡಿದಳು. "ಯವ್ವಾ, ನಾ ಥೇಟ ನಮ್ಮವ್ವನಂಗ ಆಗೇನಿ" ಎಂದಳು. ನನಗೆ ಕಣ್ಣು ತುಂಬಿ ಬಂತು, ಸಿಟ್ಟಿಗೋ ಖುಷಿಗೋ ತಿಳಿಯಲಿಲ್ಲ.

ಆಮೇಲೆ ಟಿವಿಯಲ್ಲಿ ಚೇರ್ಮನ್ನರ ಹೆಂಡತಿ ಬಂದಳು. ಹೊಲದಲ್ಲಿ, ಮನೆಯಲ್ಲಿ ತಾನು ಮಾಡುವ ಕೆಲಸವನ್ನೆಲ್ಲ ಬೆರಳು ಮಡಚಿ ಹೇಳಿದಳು. "ಮನೆಯವರು ಏನು ಮಾಡ್ತಾರೆ?" ಎಂದು ಕ್ಯಾಮೆರಾದವನು ಕೇಳಿದ. "ಅದನ್ನ ಬಾಯಿಲೆ ಹೇಳಾಕ ಬರಂಗಿಲ್ರಿ, ಮಾಡಿ ತೋರಸ್ತೇನಿ" ಎಂದವಳೇ, ಕಂಬಕ್ಕೆ ಒರಗಿ, ಒಂದು ಕಾಲು ಅಲುಗಾಡಿಸುತ್ತ, ಇಲ್ಲದ ಮೀಸೆ ತಿರುವಿ, ಅರ್ಧ ಕಣ್ಣು ಮುಚ್ಚಿ, ಎರಡು ಬೆರಳೆತ್ತಿ ಚಹಾ ತರುವಂತೆ ಸನ್ನೆ ಮಾಡಿದಳು. ಒಂದು ಮಾತಿಲ್ಲ! ಕೋಣೆಯ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಅವಳ ಮಾತು ನಿಂತ ಮೇಲೆ ಅಂಗಳದ ಗಂಡಸರಿಗೆ ಕೇಳಿಸಿದ್ದು ಆ ನಗು ಮಾತ್ರ. ಚೇರ್ಮನ್ನರು ಪೆಟ್ಟಿಗೆಯ ಬೆನ್ನು ನೋಡುತ್ತ ಬಾಯಿ ಬಡಕೊಂಡರು, "ಏನ್ ತೋರಸಾಕತ್ತಾಳ? ಯಾರರ ಹೇಳ್ರಲೇ!"

ಯಾರೂ ಹೇಳಲಿಲ್ಲ. ಮರುದಿನವೂ ಇಲ್ಲ. ಆ ದಿನವೇ ಚೇರ್ಮನ್ನರು ನನ್ನ ಮೇಲೆ ಮೇಲಿನವರಿಗೆ ಅರ್ಜಿ ಬರೆಸಲು ಗುಡಿಯ ಕಟ್ಟೆಗೆ ಹೋಗಿ, ಕಂಬಕ್ಕೆ ಒರಗಿ ಕೂತು, ಒಂದು ಕಾಲು ಅಲುಗಾಡಿಸುತ್ತ ಮೀಸೆ ತಿರುವಿ, ಅರ್ಧ ಕಣ್ಣು ಮುಚ್ಚಿ ಚಹಾಕ್ಕೆ ಎರಡು ಬೆರಳು ಎತ್ತಿದರು. ನೀರಿಗೆ ಹೊರಟಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದರು, ನಗು ತಡೆಯಲಾಗದೆ.

"ಯಾಕ ನಗಾಕತ್ತೀರಿ?" ಎಂದು ಅವರು ಗುಡುಗಿದರು.

ಅಜ್ಜಿ ಕಣ್ಣೊರೆಸಿಕೊಂಡು ಸಮಾಧಾನ ಹೇಳಿದಳು: "ಏನಿಲ್ಲ ಯಪ್ಪಾ, ನೀವೂ ಛಂದ ಮಾಡ್ತೀರಿ. ಆದ್ರ ನಿಮ್ಮ ಹೆಂಡ್ತಿ ಮಾಡಿದಂಗ ಬರಂಗಿಲ್ಲ ಬಿಡ್ರಿ."