ಬರುವ ಮೊದಲೇ ಬಂದ ಬಸ್ಸು

ಇಪ್ಪತ್ತು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಪೇಪರಿಗೆ ಸುದ್ದಿ ಬರೆದವನು ನಾನು. ಆಮೇಲೆ ಪಕ್ಷ ಸೇರಿ ವಕ್ತಾರನಾದೆ, ವಿಧಾನಸಭೆ ಟಿಕೆಟ್ಟಿನ ಆಸೆಯೂ ಹತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಕುರ್ಚಿ

ಸಿಂದಗಿಯಲ್ಲಿ ನನ್ನ ಮೊದಲ ಭಾಷಣ. ಹೆಸರು ಕರೆದಾಗ ವೇದಿಕೆಯ ಮೇಲಿನ ನನ್ನ ಕುರ್ಚಿ ಖಾಲಿ. ನಾನು ಕೆಳಗೆ ಪತ್ರಕರ್ತರ ಸಾಲಿನಲ್ಲಿ ಪೆನ್ನು ಹಿಡಿದು ಕುಳಿತು, "ಈಗ ಯಾರದ್ರೀ ಭಾಷಣ?" ಎಂದು ಪಕ್ಕದವನನ್ನು ಕೇಳುತ್ತಿದ್ದೆ.

"ನಿಮ್ದ ಐತ್ರಿ," ಎಂದ ಅವನು. "ಲಗೂನ ಮುಗಸ್ರಿ, ಸುದ್ದಿ ಕಳಸೂದೈತಿ."

೨. ಹೊದಿಕೆ

ಹೊರ್ತಿಯಲ್ಲಿ ಒಬ್ಬ ಅಜ್ಜಿ ನಳದ ನೀರಿನ ಕಷ್ಟ ಹೇಳಿಕೊಂಡಳು. ಕೈ ತಾನಾಗಿ ನೋಟ್‌ಬುಕ್ ತೆಗೆಯಿತು. ಹೆಸರು, ವಯಸ್ಸು ಬರೆದುಕೊಂಡೆ.

"ಪೇಪರಿನ್ಯಾಗ ಯಾವಾಗ ಬರ್ತೈತೋ ಯಪ್ಪಾ?"

"ಈಗ ಪೇಪರಿಗೆ ಬರಿಯೂದಿಲ್ಲಬೇ ಯಮ್ಮಾ. ಖರೇನ ಕೆಲಸಾ ಮಾಡಸ್ತೇನಿ."

ಅಜ್ಜಿಯ ಮುಖ ಬಾಡಿತು. "ಪೇಪರಾಗಿದ್ರ ಮೊಮ್ಮಗಳ ಪುಸ್ತಕಕ್ಕ ಹೊದಸಾಕರ ಬರ್ತಿತ್ತು."

೩. ಬಸ್ಸು

ಇದನ್ನು ನಗುತ್ತ ಹೇಳಲು ನನಗಾಗದು. ಬಾಗೇವಾಡಿ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಕಾಲೇಜಿನ ಹೊತ್ತಿಗೆ ಬಸ್ಸಿಲ್ಲದೆ ಇಬ್ಬರು ಹುಡುಗಿಯರು ಆಗಲೇ ಓದು ಬಿಟ್ಟಿದ್ದರು. ಚಪ್ಪಲಿ ಸವೆಯುವಷ್ಟು ಓಡಾಡಿ ಬಸ್ಸು ಮಂಜೂರು ಮಾಡಿಸಿದೆ. ಸೋಮವಾರ ಸಂಜೆ ನಮ್ಮ ಮುಖಂಡರು ಬಂದು ಹಸಿರು ನಿಶಾನೆ ತೋರಿಸಬೇಕಿತ್ತು.

ಪುಟಕ್ಕೆ ತಡವಾಗದಿರಲೆಂದು ಸಮಾರಂಭದ ಸುದ್ದಿಯನ್ನು ಮೊದಲೇ ಬರೆದು ಕಳಿಸುವುದು ನನ್ನ ಹಳೇ ರೂಢಿ. "ಬಸ್ ಸಂಚಾರ ಆರಂಭ, ವಿದ್ಯಾರ್ಥಿನಿಯರ ಹರ್ಷ" ಎಂದು ಮಧ್ಯಾಹ್ನವೇ ನನ್ನ ಹಳೇ ಪೇಪರಿಗೆ ಕಳಿಸಿಬಿಟ್ಟೆ. ಸಂಜೆ ಮುಖಂಡರು ಬರಲಿಲ್ಲ, ಬಸ್ಸೂ ಹೊರಡಲಿಲ್ಲ. ಸುದ್ದಿ ತಡೆಯುವುದನ್ನು ಮರೆತೆ, ಅದು ಅಚ್ಚಾಯಿತು.

ಮಂಗಳವಾರ ಮುಂಜಾನೆ ಹಳ್ಳಿಗೆ ಓಡಿದೆ. ಪೇಪರ್ ನಂಬಿ ಹತ್ತು ಹುಡುಗಿಯರು ಬಸ್ಸಿಗಾಗಿ ಕಾಯುತ್ತಿದ್ದರು. ಅಂದು ಅವರಿಗೆ ಪರೀಕ್ಷೆ. ನಾಚಿಕೆಯಿಂದ ಕುಗ್ಗಿಹೋದೆ. ಡಿಪೋಗೆ ಫೋನ್ ಹಚ್ಚಿ, ಅವರಿಗೂ ಧೈರ್ಯ ಬರಲೆಂದು ಸ್ಪೀಕರ್ ಹಾಕಿದೆ.

"ಹುಡುಗ್ಯಾರು ಕಾಯಾಕತ್ತಾರ, ಈಗಿಂದೀಗ ಬಸ್ ಬಿಡ್ರಿ!"

ಮ್ಯಾನೇಜರು ಶಾಂತವಾಗಿ ಹೇಳಿದರು: "ನಿನ್ನೆನ ಬಿಟ್ಟೇವಲ್ರಿ ಸಾಹೇಬ್ರ. ಪೇಪರಿನ್ಯಾಗಿನ ನಿಮ್ಮ ಸುದ್ದಿ ಹಚ್ಚಿ ಈಗಷ್ಟ ಮ್ಯಾಲಿನವರಿಗೆ ವರದೀನೂ ಕಳಿಸೇವಿ."

ಹುಡುಗಿಯರು ಯಾರೂ ನಗಲಿಲ್ಲ. ಒಬ್ಬಳು ಹಾಲ್‌ಟಿಕೆಟ್ ಮಡಚುತ್ತ ನನ್ನನ್ನೇ ನೋಡಿದಳು.

"ಹಂಗಾರ ಸರ್, ನಾವೂ ಪರೀಕ್ಷೆ ಬರದು ಪಾಸ್ ಆಗೇವಿ ಅಂತ ಬರದುಬಿಡ್ರಿ."