ನಲವತ್ತು ಕೇಸುಗಳು, ಒಬ್ಬಳೇ ರೋಗಿ

ಬರೆಯೋಣ ಎಂದು ಕೂತು ಎರಡು ಸಾಲು ಆಗಿಲ್ಲ, ಮತ್ತೆ ಯಾರೋ ಬಾಗಿಲು ಬಡಿದರು. ಕೂಸು ಎದ್ದಿತು. ಹೋಗಿ ನೋಡಿದರೆ ಹಿಂದಿನ ಓಣಿಯ ಮುದುಕಿ.

"ಡಾಕ್ಟರ್ ಅದಾರೇನವ್ವಾ?"

"ಡಾಕ್ಟರ್ ಇಲ್ಲಬೇ. ಡಾಕ್ಟರ್ ಪರೀಕ್ಷೆಗೆ ಓದೋರು ಅದಾರ."

"ಇರ್ಲಿ ಬಿಡು, ಅವರನ್ನ ಕರಿ. ನನಗೇನು ದೊಡ್ಡ ರೋಗ ಇಲ್ಲ, ಬರೇ ಕೆಮ್ಮು."

ಕೆಮ್ಮಿಗೆ ಪಾಸಾದವರು ಬೇಡವಂತೆ. ನಮ್ಮ ಮನೆಯಲ್ಲಿ ಇಂಥವು ದಿನಾ ನಡೆಯುತ್ತವೆ. ಅದಕ್ಕೇ ಕೆಲವನ್ನಾದರೂ ಬರೆದಿಡೋಣ ಎಂದುಕೊಂಡೆ. ಬರೆಯಲು ಬಿಟ್ಟರೆ ತಾನೆ!

ನಮ್ಮ ಮಾವ ಕೂಡ್ಲಿಗಿಯಲ್ಲಿ ಸರ್ಕಾರಿ ಕಚೇರಿಯ ಜವಾನರು. ನಮ್ಮ ಓಣಿಯಿಂದ ಬಳ್ಳಾರಿಗೆ ಹೋಗಿ ಡಾಕ್ಟರಿಕೆ ಓದಿದವರು ಅವರ ಮಗ, ನಮ್ಮವರೊಬ್ಬರೇ. ಬರೆಯುವ ಪರೀಕ್ಷೆಗಳೆಲ್ಲ ಪಾಸಾಗಿವೆ. ಕೊನೆಯದೊಂದು ಬಾಕಿ. ಅದರಲ್ಲಿ ನಿಜವಾದ ರೋಗಿಯ ಮುಂದೆ ನಿಲ್ಲಿಸುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಕೇಳಿ, ಮುಟ್ಟಿ ನೋಡಿ, ಇಂಥ ರೋಗ ಎಂದು ಹೇಳಬೇಕು. ಅದಾಗಿ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದರೆ ನೋಂದಣಿ ನಂಬರು ಸಿಗುತ್ತದೆ. ಅದಿಲ್ಲದೆ ಔಷಧಿ ಚೀಟಿ ಬರೆಯುವ ಹಾಗಿಲ್ಲ.

ಎರಡು ಸಲ ಅದರಲ್ಲೇ ಫೇಲು. ಮೂರನೆಯ ಸಲಕ್ಕೆ ಫೀಸು ಕೊಡುವಾಗ ಮಾವ, "ಇದೊಂದು ಸಲ ನೋಡಪ್ಪ. ಆಮ್ಯಾಲ ಸುಮ್ನ ಗುಮಾಸ್ತನ ಕೆಲಸಕ್ಕ ಅರ್ಜಿ ಹಾಕು" ಎಂದರು. ಅರ್ಜಿಯ ಹಾಳೆಯನ್ನೂ ಕಚೇರಿಯಿಂದ ತಂದು ಗೂಟದ ಮೇಲಿನ ತಮ್ಮ ಕೋಟಿನ ಜೇಬಿನಲ್ಲಿ ಇಟ್ಟರು.

ಅಂದಿನಿಂದ ಆರು ತಿಂಗಳು ಮನೆಯಲ್ಲಿ ಪ್ರಾಕ್ಟೀಸು. ಪಾಸಾದ ಯಾರೋ ಪುಣ್ಯಾತ್ಮರು ಕೊಟ್ಟ ಒಂದು ನೋಟ್‌ಬುಕ್ಕು, ಅದರಲ್ಲಿ ನಲವತ್ತು ಕೇಸು. ಡಾಕ್ಟರು ನಮ್ಮವರು. ನಲವತ್ತು ರೋಗಿಗಳೂ ನಾನೇ. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಇಷ್ಟು ಕೆಲಸ ಸರ್ಕಾರವೂ ಕೊಡುತ್ತಿರಲಿಲ್ಲ.

ಅರವತ್ತು ವರ್ಷದ ಗಂಡಸು

ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಕೂಗು ಬಂತು.

"ಲೇ, ಬಾ ಇಲ್ಲಿ. ನೀನು ಅರವತ್ತು ವರ್ಷದ ಗಂಡಸು. ಎದಿ ನೋವು."

"ಹಂಚಿನ ಮ್ಯಾಲ ರೊಟ್ಟಿ ಐತ್ರಿ."

"ಎದಿ ನೋವು ಬಂದ ಮನಿಷ್ಯಾ ರೊಟ್ಟಿ ನೋಡ್ಕೊಂತ ಕುಂದ್ರತಾನೇನು?"

ಹೋಗಿ ಹೊರಸಿನ ಮೇಲೆ ಮಲಗಿದೆ. "ಏನು ತ್ರಾಸ, ಅಜ್ಜಾ?" ಎಂದರು. "ಎದಿ ಹಿಡದಂಗ ಆಗತೈತಿ" ಎಂದೆ, ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆ. "ಮತ್ತ?" ಎಂದರು. ಮತ್ತೇನಿತ್ತೋ ಮರೆತಿತ್ತು. ಬಾಯಿಗೆ ಬಂದದ್ದು ಹೇಳಿದೆ.

"ಎರಡು ಕೊಡ ನೀರು ತಂದ್ರ ದಮ್ಮು ಹತ್ತತೈತಿ. ಕುಂತು ಎದ್ರ ಕಣ್ಣಿಗೆ ಕತ್ತಲಿ ಬರತೈತಿ. ಎದಿ ಡವಡವ ಅಂತೈತಿ."

ಅವರಿಗೆ ಸಿಟ್ಟು ಬಂತು. "ಇವು ಯಾವೂ ಈ ಕೇಸಿನ್ಯಾಗ ಇಲ್ಲ! ಅರವತ್ತು ವರ್ಷದ ಗಂಡಸು ಕೊಡ ಯಾಕ ಹೊರ್ತಾನ?"

ಅದೂ ಖರೆಯೇ. ನಮ್ಮ ಮನೆಯಲ್ಲಿ ಯಾವ ವಯಸ್ಸಿನ ಗಂಡಸೂ ಕೊಡ ಹೊತ್ತದ್ದನ್ನು ನಾನು ನೋಡಿಲ್ಲ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, "ರೋಗಿ ಉಳಿದನೋ ಇಲ್ಲೋ, ರೊಟ್ಟಿ ಅಂತೂ ಹೋತು" ಎಂದರು. ಎಲ್ಲರದೂ ಊಟವಾದ ಮೇಲೆ, ಆ ಸುಟ್ಟ ರೊಟ್ಟಿಯನ್ನು ಅರವತ್ತು ವರ್ಷದ ಗಂಡಸೇ ತಿಂದ.

ಗಂಡನ ಹೆಸರು

ರೋಗಿಯ ಹಾಳೆ ತುಂಬುವಾಗ ಮೊದಲು ಹೆಸರು, ವಯಸ್ಸು, ಊರು ಕೇಳಬೇಕು. ಹೆಂಗಸಾದರೆ ಗಂಡನ ಹೆಸರೂ ಕೇಳಬೇಕು. ಹೆಸರು ಹೇಳಿದೆ. ಊರು ಕಾನಹೊಸಹಳ್ಳಿ ಎಂದೆ, ಅದು ನನ್ನ ತವರು.

"ಗಂಡನ ಹೆಸರು?"

ಬಾಗಿಲ ಕಡೆ ನೋಡಿದೆ.

"ಗಂಡನ ಹೆಸರು ಹೇಳವ್ವಾ."

"ಹೆಂಗ ಹೇಳ್ಲಿ ರೀ?"

"ನೀನು ಈಗ ನನ್ನ ಹೆಂಡ್ತಿ ಅಲ್ಲ, ಪೇಷೆಂಟು."

"ಪೇಷೆಂಟ್ ಆದ್ರ ಗಂಡನ ಹೆಸರು ಹಿಡಿಬೋದೇನು?"

"ಹಂಗಾರ ಯಾವುದಾರ ಸುಳ್ಳು ಹೆಸರು ಹೇಳು."

"ಬ್ಯಾರೆ ಗಂಡಸಿನ ಹೆಸರು ತಗೊಂಡು ನನ್ನ ಗಂಡ ಅನ್ಲಾ? ಅತ್ತಿ ಹೊರಗ ಕುಂತಾರ!"

ಹತ್ತು ನಿಮಿಷ ಇದರಲ್ಲೇ ಹೋಯಿತು. ಕೊನೆಗೆ ಅತ್ತೆ ಹೊರಗಿನಿಂದಲೇ ಕೂಗಿದರು: "ಅಕಿ ಗಂಡ ನೀನ ಅದೀಯಲ್ಲೋ! ನಿನ್ನ ಹೆಸರು ನಿನಗ ಮರತೈತೇನು? ಬರ್ಕೋ!" ಹೆಸರನ್ನೂ ಕೂಗಿ ಹೇಳಿದರು. ಓಣಿಗೆಲ್ಲ ಕೇಳಿಸಿತು.

ನಮ್ಮವರು ಬರೆದುಕೊಂಡರು. ನೋಟ್‌ಬುಕ್ಕಿನ ಅಂಚಿನಲ್ಲಿ ಇನ್ನೊಂದನ್ನೂ ಬರೆದುಕೊಂಡರು: "ಗಂಡನ ಹೆಸರಿಗೆ ರೋಗಿಯ ಅತ್ತೆಯನ್ನು ಕೇಳುವುದು." ಇಷ್ಟು ವರ್ಷದ ಓದಿನಲ್ಲಿ ಯಾವ ಪುಸ್ತಕದಲ್ಲೂ ಇದು ಇರಲಿಲ್ಲವಂತೆ.

ಇಟ್ಟಿಗಿಯ ಅಜ್ಜ

ಹೆಂಡತಿಯ ಮೇಲೆ ಕಲಿತರೆ ಆಗುವುದಿಲ್ಲ, ಖರೇ ರೋಗಿ ಬೇಕು ಎಂದು ಅತ್ತೆಯೇ ತೀರ್ಮಾನಿಸಿದರು. ಇಟ್ಟಿಗಿ ಎಂಬ ಊರಿನಿಂದ ದೂರದ ಸಂಬಂಧಿ ಅಜ್ಜ ಬಂದಿದ್ದರು, ಕುರಿ ಸಾಕುವವರು. ಅವರನ್ನು ಹಿಡಿದು ತಂದು ಹೊರಸಿನ ಮೇಲೆ ಕೂಡಿಸಿದರು. ಅಜ್ಜ ಕಂಬಳಿ ಸರಿಸಿ, ಬಲಗೈ ಚಾಚಿ, ಬಾಯಿ ಮುಚ್ಚಿ ಕೂತರು.

"ಏನು ತ್ರಾಸ, ಅಜ್ಜಾ?"

ಕೈ ಇನ್ನೊಂದಿಷ್ಟು ಮುಂದೆ ಬಂತು.

"ಎಷ್ಟು ದಿನದಿಂದ ಐತಿ?"

ಅಜ್ಜನಿಗೆ ರೇಗಿತು. "ನಾನ ಎಲ್ಲಾ ಹೇಳೋದಾದ್ರ ನೀನು ಬಳ್ಳಾರ್ಯಾಗ ಏನು ಕಲ್ತಿ? ನಾಡಿ ಹಿಡಿ, ನೋಡು, ಹೇಳು. ನಮ್ಮ ಕುರಿ ಬಾಯಿ ತಗದು ಹಿಂಗಿಂಗ ಆಗೈತಿ ಅಂತ ನನಗ ಹೇಳ್ತಾವೇನು? ನಾನು ನೋಡೇ ಔಷಧ ಹಾಕ್ತೀನಿಲ್ಲೋ?"

ನಮ್ಮವರು ನಾಡಿ ಹಿಡಿದರು. ಬೆವರಿದರು. "ಜ್ವರಾನಾ?" "ಅಲ್ಲ." "ಹೊಟ್ಟಿ ನೋವಾ?" "ಅಲ್ಲ." "ಕೀಲು ನೋವಾ?" "ಅಲ್ಲ." ಹೀಗೆ ಏಳು ರೋಗ ಹೇಳಿದರು. ಅಜ್ಜ ಕೈ ಹಿಂದಕ್ಕೆ ತೆಗೆದುಕೊಂಡು ಎದ್ದರು.

"ನನಗೇನೂ ಆಗಿಲ್ಲೋ ತಮ್ಮಾ. ಸಂತಿಗೆ ಬಂದಿದ್ನಿ, ನಿಮ್ಮವ್ವ ಹಿಡದು ಕುಂದ್ರಿಸಿದ್ಲು. ಏಳು ರೋಗ ಹೇಳಿದಿ. ನೀನು ಆರಾಮ ಅದೀ ಅಂತ ಒಂದು ಮಾತು ನಿನ್ನ ಬಾಯಾಗ ಬರಲಿಲ್ಲ ನೋಡು."

ಬೋರ್ಡು

ಇವರಿಗೆ ಬಳ್ಳಾರಿಯಲ್ಲಿ ಸೀಟು ಸಿಕ್ಕ ವರ್ಷವೇ ಮಾವ ಸಂತೋಷ ತಡೆಯಲಾರದೆ ಕೊಟ್ಟೂರಿನಲ್ಲಿ ಬೋರ್ಡು ಬರೆಸಿಬಿಟ್ಟಿದ್ದರು. ಹೆಸರು ಐತಿ, ಡಿಗ್ರಿ ಐತಿ, "ನೋಂದಣಿ ಸಂಖ್ಯೆ" ಎಂದು ಬರೆದು ಮುಂದೆ ಜಾಗ ಬಿಟ್ಟೈತಿ. ಗೋಡೆಗೆ ಹಾಕುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ಕಳೆದಿತ್ತು, ಬೋರ್ಡು ಅಳತೆಗೆ ಸರಿಯಾಗಿ ಕೂತಿತು.

ಹಡಗಲಿಗೆ ಕೊಟ್ಟ ನಾದಿನಿ ಬಂದಾಗ ಕೇಳಿದಳು: "ಅಣ್ಣನ ಬೋರ್ಡು ಎಲ್ಲಿ ಹಾಕೀರಿ, ವೈನಿ?"

"ಹಿಟ್ಟಿನ ಮ್ಯಾಲ ಐತಿ. ಇಲಿ ದಿನಾ ಓದ್ತಾವ. ಅವಾದ್ರೂ ಪಾಸಾಗ್ಲಿ."

ಬಳಪ

ಬರಬರುತ್ತ ನಾನು ರೋಗಿಯೂ ಆದೆ, ಪರೀಕ್ಷೆ ಮಾಡುವವಳೂ ಆದೆ. ಹೊರಸಿನ ಮೇಲೆ ಮಲಗಿ, ಒಂದು ಕೈಯಲ್ಲಿ ನೋಟ್‌ಬುಕ್ಕು, ಪಕ್ಕದಲ್ಲಿ ಸ್ಲೇಟು, ಬಳಪ. ತಪ್ಪಾದರೆ ಗೀಟು ಹಾಕುವುದು.

ಯಾವ ರೋಗಿಯಾದರೂ ಮೊದಲು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಬಣ್ಣ ನೋಡಬೇಕು. ಕೆಂಪಗಿದ್ದರೆ ರಕ್ತ ಇದೆ, ಬಿಳಿಚಿದ್ದರೆ ರಕ್ತ ಕಡಿಮೆ. ಅವರು ನನ್ನ ರೆಪ್ಪೆ ಎಳೆದು ನೋಡಿ, "ಬಿಳಿಚೈತಿ" ಎಂದರು.

ನಾನು ನೋಟ್‌ಬುಕ್ಕು ನೋಡಿದೆ. "ತಪ್ಪು. ಹನ್ನೊಂದನೇ ಕೇಸಿನ್ಯಾಗ ಬಿಳಿಚಿಲ್ಲ ಅಂತ ಬರದೈತಿ." ಗೀಟು.

ಮರುದಿನ ಹನ್ನೆರಡನೆಯ ಕೇಸು. ಮತ್ತೆ "ಬಿಳಿಚೈತಿ." ಮತ್ತೆ ಗೀಟು.

"ನನ್ನ ಕಣ್ಣಿಗೆ ಹಂಗ ಕಾಣತೈತಲ್ಲೇ!"

"ನಿಮ್ಮ ಕಣ್ಣಿಗೆ ಕಂಡಿದ್ದಕ್ಕ ಮಾರ್ಕ್ಸ್ ಕೊಡಂಗಿಲ್ಲ. ಇಲ್ಲಿ ಬರದಿದ್ದಕ್ಕ ಕೊಡ್ತೀನಿ. ಎರಡು ಸಲ ಹಿಂಗ ಮಾಡೇ ಫೇಲ್ ಆಗೀರಿ."

ಇಪ್ಪತ್ತನೆಯ ಕೇಸಿನ ಹೊತ್ತಿಗೆ ದಾರಿಗೆ ಬಂದರು. ರೆಪ್ಪೆ ಎಳೆಯುವುದು, ನೋಡುವುದು, "ನಾರ್ಮಲ್" ಎನ್ನುವುದು. ಪೂರ್ತಿ ಮಾರ್ಕು ಕೊಟ್ಟೆ. ಗಂಡನನ್ನು ತಿದ್ದಿದೆ ಎಂದು ನನಗೆ ಹೆಮ್ಮೆ.

ಒಂದು ದಿನ ಸ್ಲೇಟು ನೋಡಿ ಕೇಳಿದರು: "ಬಳಪ ಎಲ್ಲಿ?"

"ಮುಗೀತು."

"ನಿನ್ನೆ ಇಡೀ ಬಳಪ ಇತ್ತಲ್ಲ?"

"ನೀವು ಮಾಡೋ ತಪ್ಪಿಗೆ ಒಂದು ಬಳಪ ಎಲ್ಲಿ ಸಾಲತೈತಿ?" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡೆ.

ಒಳಗಿನ ಉತ್ತರ

ಹರಪನಹಳ್ಳಿಯ ಗೆಳೆಯರೊಬ್ಬರು ಬಂದರು. ಅವರು ಮೊದಲ ಸಲಕ್ಕೇ ಪಾಸು. "ನಾನೊಂದಿಷ್ಟು ಕೇಳ್ತೀನಿ, ಹೇಳಪ್ಪಾ ನೋಡಾಣ" ಎಂದು ಕೂತರು.

"ಎಂಟು ವರ್ಷದ ಹುಡುಗ. ಮುಖ ಊದೇತಿ, ಉಚ್ಚೆ ಕೆಂಪಗೆ ಹೋಗ್ತೇತಿ. ಮೂರು ವಾರದ ಹಿಂದೆ ಮೈತುಂಬ ಕಜ್ಜಿ ಆಗಿತ್ತು. ಏನು?"

ನಮ್ಮವರು ಸೂರು ನೋಡಿದರು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ತಡೆಯಲಾಗಲಿಲ್ಲ.

"ಕಿಡ್ನಿ ಬಾವು. ಒಂಬತ್ತನೇ ಕೇಸು."

ಗೆಳೆಯರು ಇನ್ನೊಂದು ಕೇಳಿದರು. ಅದೂ ಒಳಗಿನಿಂದಲೇ ಹೋಯಿತು. ಮೂರನೆಯದೂ ಹೋಯಿತು. ಆಗ ಕಟ್ಟೆಯ ಮೇಲಿದ್ದ ಮಾವ ಕೇಳಿದರು:

"ಫೀಸು ಕಟ್ಟಿ ಆಗೈತಪ್ಪ. ಹೆಸರು ಬದ್ಲಿ ಮಾಡಾಕ ಬರತೈತೇನು?"

ನಮ್ಮವರು ಸಿಟ್ಟಿನಿಂದ ಅವತ್ತು ಉಣ್ಣಲಿಲ್ಲ. ಗಂಡ ಉಣ್ಣದೆ ಹೆಂಡತಿ ಉಣ್ಣುವಂತಿಲ್ಲ. ಹಾಗಾಗಿ ಮೂರಕ್ಕೆ ಮೂರೂ ಸರಿ ಹೇಳಿದವಳಿಗೆ ಬಂದ ಬಹುಮಾನ ಉಪವಾಸ.

ಮೂರನೆಯ ಸಲ

ಬಳ್ಳಾರಿಯಿಂದ ಸಂಜೆ ಬಸ್ಸಿಗೆ ಬಂದರು. ಚೀಲ ಇಟ್ಟು ಕಟ್ಟೆಯ ಮೇಲೆ ಕೂತರು. ಮಾವ, ಅತ್ತೆ, ಕೂಸನ್ನು ಎತ್ತಿಕೊಂಡು ನಾನು, ಸುತ್ತ ನಿಂತೆವು. ನಿಧಾನಕ್ಕೆ ಹೇಳಿದರು.

ಸಿಕ್ಕ ರೋಗಿ ತಂಬ್ರಹಳ್ಳಿ ಕಡೆಯ ಹೆಣ್ಣುಮಗಳು. ನನ್ನಷ್ಟೇ ವಯಸ್ಸು. ಗಂಡನ ಹೆಸರು ಹೇಳಲಿಲ್ಲ. ಇವರು ಗಾಬರಿಯಾಗದೆ ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆಯನ್ನು ಕೇಳಿದರು. ಥಟ್ಟನೆ ಉತ್ತರ ಬಂತು. ಅಲ್ಲಿಯವರೆಗೆ ಎಲ್ಲ ಚಂದ.

"ಏನು ತ್ರಾಸವ್ವಾ ಅಂದೆ. ಎರಡು ಕೊಡ ನೀರು ತಂದ್ರ ದಮ್ಮು ಹತ್ತತೈತಿ ಅಂದ್ಲು. ಎದ್ದು ನಿಂತ್ರ ಕತ್ತಲಿ ಬರತೈತಿ ಅಂದ್ಲು. ಬಳಪ ತಿಂತೀನಿ ಅಂದ್ಲು. ಇದು ಎಲ್ಲಾರ ಮನ್ಯಾಗೂ ಇದ್ದದ್ದ, ಇದರಾಗೇನು ರೋಗ ಅಂತ ಬರಕೊಳ್ಳಲಿಲ್ಲ. ರೆಪ್ಪಿ ಎಳದು ನೋಡಿದೆ. ದಿನಾ ನೋಡೋ ಬಣ್ಣಾನ ಇತ್ತು. ನಾರ್ಮಲ್ ಅಂದೆ."

ಪರೀಕ್ಷೆ ಮಾಡುವವರು ಇಬ್ಬರು. ಹಿರಿಯರು ಎದ್ದು ಬಂದು ಆ ಹೆಣ್ಣುಮಗಳನ್ನು ಕಿಟಕಿಯ ಬೆಳಕಿಗೆ ಕರೆದೊಯ್ದು ರೆಪ್ಪೆ ಎಳೆದರಂತೆ. ಸುಣ್ಣ ಬಳಿದ ಗೋಡೆಗೂ ಅದಕ್ಕೂ ಫರಕು ಇರಲಿಲ್ಲವಂತೆ.

"ಇದು ನಾರ್ಮಲ್ಲೇನಯ್ಯಾ?"

"ಹೌದ್ರಿ ಸರ್. ನಮ್ಮ ಮನ್ಯಾಗೂ ಹಿಂಗ ಐತ್ರಿ."

"ಯಾರಿಗೆ?"

"ಹೆಂಡ್ತಿಗ್ರಿ. ನಲವತ್ತು ಸಲ ನೋಡೀನ್ರಿ."

ಕಿರಿಯರು ಜೋರಾಗಿ ನಕ್ಕರಂತೆ. ಹಿರಿಯರು ನಗಲಿಲ್ಲವಂತೆ. ಕನ್ನಡಕ ತೆಗೆದು, "ಮುಂದಿನ ಸಲ ಪರೀಕ್ಷೆಗೆ ನೀನು ಬರೋದಕ್ಕಿಂತ ಮೊದಲು ಆಕೆಯನ್ನ ಆಸ್ಪತ್ರೆಗೆ ಕರ್ಕೊಂಡು ಬಾ" ಎಂದರಂತೆ.

ಮುಂದಿನ ಸಲ ಎಂದರೆ ಈ ಸಲ ಹೋಯಿತು ಎಂದೇ ಅರ್ಥ.

ನಾನು ನಕ್ಕುಬಿಟ್ಟೆ. ಕೂಸು ಬೆಚ್ಚುವ ಹಾಗೆ ನಕ್ಕೆ. ಆರು ತಿಂಗಳು ಸರಿ ಹೇಳಿದ್ದಕ್ಕೆಲ್ಲ ಗೀಟು ಹಾಕಿ, ತಪ್ಪನ್ನು ಕಲಿಸಿ, ಪೂರ್ತಿ ಮಾರ್ಕು ಕೊಟ್ಟು ಕಳಿಸಿದವಳು ನಾನೇ. ನನ್ನ ಜೊತೆ ಯಾರೂ ನಗಲಿಲ್ಲ.

ಮಾವ ಒಳಗೆ ಹೋದರು. ಅರ್ಜಿಯ ಹಾಳೆ ತರುತ್ತಾರೆ ಎಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಇದ್ದದ್ದು ಕೊಡ. "ಇನ್ನೊಂದು ಸಲ ಕಟ್ಟಪ್ಪ. ಇದು ನೀನೊಬ್ಬನ ಫೇಲ್ ಆಗಿದ್ದಲ್ಲ" ಎಂದು ನಲ್ಲಿಯ ಕಡೆ ಹೊರಟರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅರವತ್ತರ ಹತ್ತಿರದ ಗಂಡಸು, ಹೆಗಲ ಮೇಲೆ ಕೊಡ. ಈ ಕೇಸು ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ನಮ್ಮವರು ಕೂಸನ್ನು ಅತ್ತೆಯ ಕೈಗೆ ಕೊಟ್ಟು, ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿದರು. ರೆಪ್ಪೆ ಎಳೆದು ಬಹಳ ಹೊತ್ತು ನೋಡಿದರು. ಕೈಯಲ್ಲಿ ನೋಟ್‌ಬುಕ್ಕು ಇರಲಿಲ್ಲ. ಆಮೇಲೆ, ಈ ಆರು ತಿಂಗಳಲ್ಲಿ ಯಾವ ರೋಗಿಯನ್ನೂ ಕೇಳದಷ್ಟು ಮೆತ್ತಗೆ ಒಂದು ಪ್ರಶ್ನೆ ಕೇಳಿದರು. ನಲವತ್ತು ಕೇಸಿನಲ್ಲೂ ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರ ಇರುತ್ತದೆ: ಮೂರು ದಿನದಿಂದ, ಎರಡು ವಾರದಿಂದ, ಆರು ತಿಂಗಳಿಂದ. ಅಷ್ಟೂ ನನಗೆ ಬಾಯಿಪಾಠ. ಕೂಸು ಹುಟ್ಟಿದಾಗಿನಿಂದ ಎನ್ನಲೇ, ಈ ಮನೆಗೆ ಬಂದಾಗಿನಿಂದ ಎನ್ನಲೇ, ನಮ್ಮವ್ವನೂ ಬಳಪ ತಿನ್ನುತ್ತಿದ್ದಳಲ್ಲ, ಅಲ್ಲಿಂದ ಎಣಿಸಲೇ? ಇಟ್ಟಿಗಿಯ ಅಜ್ಜನ ಹಾಗೆ ಸುಮ್ಮನೆ ಕೈ ಚಾಚಿ ನಿಂತೆ. ಅವರು ನಾಡಿ ಹಿಡಿದುಕೊಂಡೇ ಮತ್ತೊಮ್ಮೆ ಕೇಳಿದರು:

"ಹೇಳು, ಎಷ್ಟು ದಿನದಿಂದ ಹಿಂಗೈತಿ?"